ಬೆನ್ನಿಗೆ ಮನೆ ಕಟ್ಟಿಕೊಂಡು ಸಿಯಾಟಲ್‌ವರೆಗೆ

ಅಮೇರಿಕೆಗೆ ಹೋಗಿ ಬಂದವರು ನಯಾಗರ ಜಲಪಾತವನ್ನೂ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ವರ್ಣಿಸುವುದು ವಾಡಿಕೆ. ಅವೆರಡನ್ನೂ ನಾನು ಕಂಡಿದ್ದೇನೆ. ಅವುಗಳ ಬಗ್ಗೆ ಹೇಳಲು ನನ್ನಲ್ಲಿ ಹೊಸದೇನೂ ಇಲ್ಲ. ಇಲ್ಲಿ ಬರೆಯಹೊರಟಿರುವುದು, 2023ರ ಜೂನ್ ತಿಂಗಳಲ್ಲಿ ನಾವು ಐವರು ಒಂದು ಮನೆಯನ್ನೇ ವಾಹನದ ಬೆನ್ನಿಗೆ ಕಟ್ಟಿಕೊಂಡು ಆ ದೇಶದ ಅರ್ಧಕ್ಕಿಂತ ಹೆಚ್ಚು ಅಗಲವನ್ನು ಕ್ರಮಿಸಿದ ಸಂಗತಿ.

ಮಗನ ವಾಸ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ. ಮಗಳದು ಪಶ್ಚಿಮ ತೀರದ ಸಿಯಾಟಲ್‌ನಲ್ಲಿ. ಮಗಳಿಗೆ ಆಗಸ್ಟ್ ತಿಂಗಳಲ್ಲಿ ಚೊಚ್ಚಲ ಹೆರಿಗೆ. ಬಾಣಂತನಕ್ಕೆಂದು ನಾನೂ ನನ್ನ ಶ್ರೀಮತಿಯೂ ಧಾರವಾಡದಿಂದ ಹೋಗಿದ್ದೆವು. ಕ್ಲೀವ್‌ಲ್ಯಾಂಡಿನಿಂದ ಸಿಯಾಟಲ್‌ಗೆ ವಿಮಾನದಲ್ಲಿ ಸುಮಾರು ಐದು ತಾಸು. ಆದರೆ ಮಗನಿಗೆ ಬಹುಕಾಲದ ಒಂದು ಹಂಬಲವಿತ್ತು. “ಅಪ್ಪಾ, ಮ್ಯಾಲಿನಿಂದ ನೋಡಿದ್ರ ಮೋಡ ಕಾಣ್ತಾವ, ದೇಶ ಕಾಣೂದಿಲ್ಲ. ಈ ಸಲ ನೆಲದ ಮ್ಯಾಲ ಹೋಗೂಣು” ಎಂದ. ಹಿಂದಿನ ವರ್ಷವೇ ಆತ ಇಪ್ಪತ್ನಾಲ್ಕು ಅಡಿ ಉದ್ದದ ಹಳೆಯ ಟ್ರಾವೆಲ್ ಟ್ರೇಲರ್ ಒಂದನ್ನು ಕೊಂಡಿಟ್ಟಿದ್ದ.

ಟ್ರೇಲರ್ ಎಂದೊಡನೆ ನಮ್ಮಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಕಬ್ಬಿನ ಗಾಡಿ ಕಣ್ಮುಂದೆ ಬರುತ್ತದೆ. ಇದು ಹಾಗಲ್ಲ. ಒಳಗೆ ಎರಡು ಹಾಸಿಗೆ, ಊಟದ ಮೇಜು, ಗ್ಯಾಸಿನ ಒಲೆ, ಫ್ರಿಜ್, ಒಬ್ಬರು ಮೈಕೈ ಹಿಡಿದುಕೊಂಡು ನಿಲ್ಲಬಹುದಾದ ಸ್ನಾನದ ಮನೆ, ಎಲ್ಲವೂ ಉಂಟು. ಎಂಜಿನ್ ಮಾತ್ರ ಇಲ್ಲ. ಮುಂದೆ ಚಾಚಿದ ಕಬ್ಬಿಣದ ಮೂಕಿಯನ್ನು ಪಿಕಪ್ ಟ್ರಕ್ಕಿನ ಹಿಂದಿರುವ ಉಕ್ಕಿನ ಗುಂಡಿಗೆ ಕೂಡಿಸುತ್ತಾರೆ. ಅದು ಕಳಚಿದರೂ ಬಿಟ್ಟುಹೋಗದಂತೆ ಎರಡು ಸರಪಣಿಗಳನ್ನು ಕತ್ತರಿಯಾಕಾರದಲ್ಲಿ ಅಡ್ಡ ಹಾಯಿಸಿ ಕಟ್ಟುತ್ತಾರೆ. ಮನೆಯ ಚಕ್ರಗಳಿಗೆ ವಿದ್ಯುತ್ತಿನ ಬ್ರೇಕುಗಳಿದ್ದು, ಅವುಗಳ ಹಿಡಿತ ಚಾಲಕನ ಕೈಗೆಟಕುವ ಒಂದು ಪುಟ್ಟ ಪೆಟ್ಟಿಗೆಯಲ್ಲಿರುತ್ತದೆ. ಓಡುವಾಗ ಈ ಮನೆಯೊಳಗೆ ಯಾರೂ ಕುಳಿತುಕೊಳ್ಳುವಂತಿಲ್ಲ; ಅನೇಕ ರಾಜ್ಯಗಳಲ್ಲಿ ಕಾಯಿದೆಯೇ ಅದನ್ನು ನಿಷೇಧಿಸಿದೆ. ಹಾಸಿಗೆಯ ಮೇಲೆ ಮಲಗಿಕೊಂಡು ಅಮೇರಿಕ ನೋಡುವೆನೆಂದು ಕನಸು ಕಂಡಿದ್ದ ಒಂಬತ್ತು ವರ್ಷದ ಮೊಮ್ಮಗಳಿಗೆ ಇದರಿಂದ ಬಹಳ ನಿರಾಶೆಯಾಯಿತು.

ಹೊರಡುವ ಎರಡು ದಿನ ಮೊದಲು ಮಗ ಲಾರಿಗಳ ತೂಕದ ಕಟ್ಟೆಗೆ ಒಯ್ದು ಭಾರ ನೋಡಿಸಿಕೊಂಡು ಬಂದ; ಆರು ಸಾವಿರ ಪೌಂಡು, ಎಂದರೆ 2,700 ಕಿಲೋ ಆಸುಪಾಸು. ಆದರೆ ಹೊರಡುವ ಹಿಂದಿನ ರಾತ್ರಿ ನನ್ನ ಶ್ರೀಮತಿ ಮನೆಯೊಳಗೆ ಏರಿಸಿದ ಸಾಮಾನುಗಳು ಆ ತೂಕದ ಚೀಟಿಯಲ್ಲಿ ಇರಲಿಲ್ಲ. ಎರಡು ಚೀಲ ಅಕ್ಕಿ, ಜೋಳದ ಹಿಟ್ಟು, ಅಂಟು, ಒಣಕೊಬ್ಬರಿ, ಉತ್ತತ್ತಿ, ಕಲ್ಲಿನ ಗ್ರೈಂಡರ್. ಎಲ್ಲಕ್ಕೂ ಮಿಗಿಲಾಗಿ ಒಂದು ಸಾಗವಾನಿ ತೊಟ್ಟಿಲು. ಮೊಮ್ಮಗಳು ಹುಟ್ಟಿದಾಗ ಧಾರವಾಡದಿಂದ ಹಡಗಿನಲ್ಲಿ ಕಳಿಸಿದ್ದ ತೊಟ್ಟಿಲು ಅದು. ಅತ್ತೆ ಸೊಸೆ ಸೇರಿ ಅದನ್ನು ಬಿಚ್ಚಿ, ಹಳೆಯ ಕೌದಿಯಲ್ಲಿ ಸುತ್ತಿ, ಹಿಂದಿನ ಹಾಸಿಗೆಯ ಕೆಳಗೆ ಇಟ್ಟರು. ಅಲ್ಲಿಯೇ ಜಾಗ ಇದ್ದದ್ದು. ಮಗ ಅಡುಗೆಗೆ ಬೇಕೆಂದು ಹಿಂಬದಿಯ ನೀರಿನ ತೊಟ್ಟಿಯನ್ನೂ ತುಂಬಿಸಿದ.

ನಮ್ಮ ದಾರಿ ಬಹುಮಟ್ಟಿಗೆ ಅಂತರರಾಜ್ಯ ಹೆದ್ದಾರಿ 90. ಬಾಸ್ಟನ್‌ನಿಂದ ಸಿಯಾಟಲ್‌ವರೆಗೆ ಮೂರು ಸಾವಿರ ಮೈಲಿಗೂ ಹೆಚ್ಚು ಉದ್ದವಿರುವ ಇದು ಅಲ್ಲಿಯ ಅಂತರರಾಜ್ಯ ಹೆದ್ದಾರಿಗಳಲ್ಲೆಲ್ಲ ದೀರ್ಘವಾದದ್ದು. ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ, 1956ರ ಕಾಯಿದೆಯಿಂದ ಈ ರಸ್ತೆಗಳ ಜಾಲಕ್ಕೆ ಚಾಲನೆ ದೊರೆಯಿತು. ಮೊದಲ ದಿನವೇ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಪಕ್ಕದಲ್ಲಿ ಹಾದೆವು. ಚಕ್ರದ ಮನೆಗಳನ್ನು ತಯಾರಿಸುವ ಉದ್ಯಮಕ್ಕೆ ಅದೇ ತವರು. ಅವುಗಳಿಗೊಂದು ವಸ್ತುಸಂಗ್ರಹಾಲಯವೂ ಅಲ್ಲಿದೆ. ಪ್ರಾಸಂಗಿಕವಾಗಿ ಒಂದು ಮಾತು: 1969ರಲ್ಲಿ ಚಂದ್ರನಿಂದ ಮರಳಿದ ಮೂವರು ಗಗನಯಾತ್ರಿಗಳನ್ನು ಸೋಂಕಿನ ಭಯದಿಂದ ಪ್ರತ್ಯೇಕವಾಗಿ ಇರಿಸಿದ್ದು ಚಕ್ರ ತೆಗೆದು ಮಾರ್ಪಡಿಸಿದ ಇಂಥದೇ ಒಂದು ಏರ್‌ಸ್ಟ್ರೀಮ್ ಟ್ರೇಲರಿನಲ್ಲಿ.

ಶಿಕಾಗೋ ದಾಟಿ, ವಿಸ್ಕಾನ್ಸಿನ್ ದಾಟಿ, ಲಾ ಕ್ರಾಸ್ ಬಳಿ ಮಿಸಿಸಿಪಿ ನದಿಯನ್ನು ದಾಟಿದೆವು. ಗಂಟೆಗೆ ಅರವತ್ತು ಮೈಲಿಗಿಂತ ವೇಗ ಬೇಡವೆಂದು ಮಗ ನಿರ್ಧರಿಸಿದ್ದ. ರಾತ್ರಿ ಟ್ರೇಲರುಗಳಿಗೆಂದೇ ಇರುವ ಬೀಡುಗಳಲ್ಲಿ ತಂಗುವುದು. ನೀರಿನ ಕೊಳವೆ, ವಿದ್ಯುತ್ತಿನ ತಂತಿ ಜೋಡಿಸಿಕೊಂಡರೆ ಅರ್ಧ ತಾಸಿನಲ್ಲಿ ಮನೆ ಸಿದ್ಧ. ನನ್ನ ಶ್ರೀಮತಿ ರೊಟ್ಟಿಯ ಹಂಚು ಇಡುವಳು. ಬೆಳಗಾದರೆ ಬಚ್ಚಲು ಮತ್ತು ಶೌಚದ ತೊಟ್ಟಿಗಳನ್ನು ಖಾಲಿ ಮಾಡುವ ಕೆಲಸ. ಊರಲ್ಲಿದ್ದಾಗ ಒಂದು ಲೋಟವನ್ನೂ ತೊಳೆಯದಿದ್ದ ನನ್ನ ಮಗ ಕೈಗವಸು ತೊಟ್ಟು, ಕೊಳವೆ ಹಿಡಿದು, ನಿರ್ವಿಕಾರವಾಗಿ ಆ ಕೆಲಸ ಮಾಡುವುದನ್ನು ನೋಡಿ ತಂದೆಯಾದ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ನಾಲ್ಕನೆಯ ದಿನ ದಕ್ಷಿಣ ಡಕೋಟದಲ್ಲಿದ್ದೆವು. ಮಿಚೆಲ್ ಎಂಬ ಊರಿನಲ್ಲಿ ಗೋಡೆಗಳಿಗೆಲ್ಲ ಬಣ್ಣಬಣ್ಣದ ಗೋವಿನಜೋಳದ ತೆನೆಗಳಿಂದ ಚಿತ್ರ ಬಿಡಿಸಿದ ‘ಜೋಳದ ಅರಮನೆ’ಯನ್ನು ನೋಡಿಕೊಂಡು ಮಧ್ಯಾಹ್ನ ಹೊರಟೆವು. ಅಲ್ಲಿಂದ ಮುಂದೆ ಮರಗಳಿಲ್ಲದ ಬಯಲು. ಬಲಗಡೆಯಿಂದ ಗಾಳಿ ಬೀಸತೊಡಗಿತ್ತು. ಆ ರಾಜ್ಯದಲ್ಲಿ ಹೆದ್ದಾರಿಯ ವೇಗಮಿತಿ ಎಂಬತ್ತು ಮೈಲಿ. ಒಂದು ದೈತ್ಯ ಲಾರಿ ನಮ್ಮನ್ನು ಎಡಗಡೆಯಿಂದ ಹಿಂದಿಕ್ಕಿತು. ಲಾರಿಯ ಮೂತಿ ನಮ್ಮ ಮನೆಗೆ ಸಮನಾದಾಗ ಗಾಳಿ ಅದನ್ನು ಆಚೆಗೆ ನೂಕಿತು. ದಾಟುತ್ತಲೇ ಈಚೆಗೆ ಎಳೆದುಕೊಂಡಿತು. ಹಾವಿನ ಬಾಲದಂತೆ ನಮ್ಮ ಮನೆ ಅತ್ತಿತ್ತ ಹೊಯ್ದಾಡತೊಡಗಿತು. ಒಂದು ಹೊಯ್ದಾಟಕ್ಕಿಂತ ಮುಂದಿನದು ದೊಡ್ಡದು. ಟ್ರಕ್ಕಿನ ಹಿಂಭಾಗವೂ ಅದರೊಡನೆ ಜಗ್ಗಾಡಿತು. ಕನ್ನಡಿಯಲ್ಲಿ ಮನೆಯ ಒಂದು ಮಗ್ಗುಲು ಕಾಣುವುದು, ಮರೆಯಾಗುವುದು, ಇನ್ನೊಂದು ಮಗ್ಗುಲು ಕಾಣುವುದು.

“ತಮ್ಮಾ, ಬ್ರೇಕ್ ಹಾಕು!” ಎಂದು ನಾನು ಕೂಗಿದೆ.

“ಅಪ್ಪಾ, ಸುಮ್ಮನಿರ್ರಿ” ಎಂದ ಮಗ. ಆತ ಎಂದೂ ನನಗೆ ಹಾಗೆ ಅಂದವನಲ್ಲ.

ಆತ ಮಾಡಿದ್ದೇ ಸರಿ ಎಂಬುದು ನನಗೆ ಆಮೇಲೆ ತಿಳಿಯಿತು. ಇಂಥ ವೇಳೆಯಲ್ಲಿ ಮುಂದಿನ ವಾಹನದ ಬ್ರೇಕ್ ತುಳಿದರೆ ಹಿಂದಿನ ಭಾರ ಅದನ್ನು ನೂಕಿ ಅಡ್ಡ ತಿರುಗಿಸುತ್ತದೆ. ಸ್ಟೀರಿಂಗ್ ತಿರುಗಿಸಿ ಸರಿಪಡಿಸಹೋದರೆ ತೂಗಾಟ ಹೆಚ್ಚುತ್ತದೆ. ಮಗ ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆದ, ಸ್ಟೀರಿಂಗನ್ನು ನೇರವಾಗಿ ಬಿಗಿಹಿಡಿದ, ಆ ಪುಟ್ಟ ಪೆಟ್ಟಿಗೆಯ ಗುಂಡಿಯನ್ನು ಒತ್ತಿ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಸಿದ. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದಂತಾಗಿ ಮನೆ ನೇರವಾಯಿತು. ಎಲ್ಲವೂ ಕೆಲವೇ ಕ್ಷಣಗಳ ಮಾತು. ಮೊಮ್ಮಗಳು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದ್ದಳು. ಮಾತಿಲ್ಲದೆ ನಲವತ್ತು ಮೈಲಿ ವೇಗದಲ್ಲಿ ಚೇಂಬರ್ಲೇನ್ ಸೇರಿದೆವು.

ಅಲ್ಲಿ ಮಿಸೌರಿ ನದಿಯ ಎತ್ತರದ ದಂಡೆಯ ಮೇಲೆ ಒಂದು ವಿಶ್ರಾಂತಿ ತಾಣವಿದೆ. ನಕ್ಷತ್ರದ ಕೌದಿಯನ್ನು ಬೆನ್ನಿಗೆ ಹೊದ್ದು ನಿಂತ ಮೂಲನಿವಾಸಿ ಸ್ತ್ರೀಯ ಐವತ್ತು ಅಡಿ ಎತ್ತರದ ಉಕ್ಕಿನ ಪ್ರತಿಮೆಯನ್ನು 2016ರಲ್ಲಿ ಅಲ್ಲಿ ನಿಲ್ಲಿಸಿದ್ದಾರೆ. ಉಳಿದವರು ಅದನ್ನು ನೋಡಲು ಹೋದರು. ಮಗ ಮಾತ್ರ ಮನೆಯ ಸುತ್ತ ತಿರುಗುತ್ತ ಚಕ್ರಗಳನ್ನೂ ಕೊಂಡಿಗಳನ್ನೂ ಪರೀಕ್ಷಿಸುತ್ತಿದ್ದ. ಎಲ್ಲವೂ ಸರಿಯಾಗಿತ್ತು. “ಗಾಳಿದ ದೋಷ” ಎಂದ.

ನಾನು ಮೂಕಿಯ ಬಳಿ ನಿಂತು ನೋಡಿದೆ. ಓದುಗರು ಇದನ್ನು ಮುದುಕನ ಜಂಬವೆಂದು ತಿಳಿಯಬಾರದು. ನಮ್ಮದು ಒಕ್ಕಲುತನದ ಮನೆ. ಹತ್ತು ವರ್ಷದವನಿದ್ದಾಗ ಕಮಾನು ಕಟ್ಟಿದ ಚಕ್ಕಡಿಯಲ್ಲಿ ಉಳವಿಯ ಜಾತ್ರೆಗೆ ಹೋಗಿದ್ದೇನೆ. ರೊಟ್ಟಿಯ ಗಂಟು, ಎತ್ತಿನ ಮೇವು, ಹಾಸಿಗೆ ಎಲ್ಲವೂ ಚಕ್ಕಡಿಯಲ್ಲೇ. ಹಗಲು ಪಯಣ, ರಾತ್ರಿ ಹಳ್ಳದ ದಂಡೆಯಲ್ಲಿ ಬೀಡು. ಹೊರಡುವ ಮುನ್ನ ನಮ್ಮ ತಂದೆ ನೊಗವನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಹಗುರಾಗಿ ಎದ್ದಿತೆಂದರೆ ಹಿಂಭಾರ. ಏರಿನಲ್ಲಿ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಜತ್ತಿಗೆ ಬಿಗಿಯುತ್ತದೆ. ಎತ್ತಲು ಆಗದಷ್ಟು ಭಾರವಾದರೆ ಎತ್ತಿನ ಹೆಗಲು ಬಾವು ಬರುತ್ತದೆ. ಒಂದು ಚೀಲ ಹಿಂದೆ, ಒಂದು ಚೀಲ ಮುಂದೆ ಸರಿಸಿ, ಹದ ಬಂದ ಮೇಲೆಯೇ ಎತ್ತು ಹೂಡುತ್ತಿದ್ದರು.

“ತಮ್ಮಾ, ಹಿಂದಿನ ಭಾರ ಹೆಚ್ಚಾಗೇತೇನು ನೋಡು” ಎಂದೆ. ಆತ ಏನೋ ಹೇಳಹೊರಟು ನಿಲ್ಲಿಸಿದ. ನಿನ್ನೆಯವರೆಗೆ ಮುಂದಿನ ಪೆಟ್ಟಿಗೆಯಲ್ಲಿದ್ದ ಸಾಮಾನನ್ನೂ ಟ್ರಕ್ಕಿಗೆ ವರ್ಗಾಯಿಸಿದ್ದು ಆತನಿಗೆ ನೆನಪಾಯಿತು. ಪಕ್ಕದಲ್ಲಿಯೇ ಬೀಡುಬಿಟ್ಟಿದ್ದ ವೃದ್ಧ ಅಮೇರಿಕನ್ ದಂಪತಿಗಳ ಬಳಿ ಮೂಕಿಯ ಭಾರವನ್ನು ಅಳೆಯುವ ಒಂದು ಕೈಯಳತೆಯ ಉಪಕರಣವಿತ್ತು. ಇಟ್ಟು ನೋಡಿದರೆ ಮುಳ್ಳು ತೋರಿಸಿದ್ದು 360 ಪೌಂಡು. ಒಟ್ಟು ಭಾರದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಬೀಳಬೇಕೆಂಬುದು ಈ ಮನೆಗಳ ನಿಯಮ. ನಮ್ಮಲ್ಲಿ ಆರು ಪಾಲೂ ಇರಲಿಲ್ಲ.

ನೀರಿನ ತೊಟ್ಟಿ ಬಿಚ್ಚಿದೆವು. ಹಿಂದಿನ ಹಾಸಿಗೆ ಎತ್ತಿ ತೊಟ್ಟಿಲು, ಗ್ರೈಂಡರ್, ಅಕ್ಕಿಯ ಚೀಲಗಳನ್ನು ಹೊರಗೆ ತಂದೆವು. ಪ್ರತಿಮೆ ನೋಡಿ ಮರಳಿದ ನನ್ನ ಶ್ರೀಮತಿ ಹುಲ್ಲಿನ ಮೇಲೆ ಬಿದ್ದಿದ್ದ ತೊಟ್ಟಿಲನ್ನು ಕಂಡು, ವಿಷಯ ತಿಳಿದು, ಅಲ್ಲಿಯೇ ಕುಳಿತುಬಿಟ್ಟಳು. “ನನ್ನಿಂದ ಎಲ್ಲಾರ ಜೀವಕ್ಕ ಬಂದಿತ್ತಲ್ಲ. ಇದನ್ನ ಇಲ್ಲೇ ಬಿಟ್ಟು ನಡೀರಿ” ಎಂದಳು. ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಆಗ ಸೊಸೆ, “ಅತ್ತೀ, ಇಟ್ಟಾಕಿ ನಾನೂ ಇದ್ದೆನಲ್ರಿ. ಜಾಗಾ ತಪ್ಪಿತ್ತು ಅಷ್ಟ” ಎಂದು ಅವಳ ಕೈಹಿಡಿದು ಎಬ್ಬಿಸಿದಳು. ತೊಟ್ಟಿಲನ್ನು ಮುಂದಿನ ಗೋಡೆಗೆ ಒತ್ತಿ ನೆಲದ ಮೇಲೆ ಮಲಗಿಸಿ, ಪಟ್ಟಿಯಿಂದ ಬಿಗಿದೆವು. ಉಳಿದದ್ದನ್ನೂ ಮುಂದೆಯೇ ಇಟ್ಟೆವು. ಮತ್ತೆ ತೂಗಿದರೆ 700 ಪೌಂಡಿನ ಹತ್ತಿರ. ಆ ವೃದ್ಧರು ಹಣ ಮುಟ್ಟಲಿಲ್ಲ. ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ತಿಂದು, ನೀರು ಕುಡಿದು, ಮತ್ತೆ ನೀರು ಕುಡಿದರು.

ಮುಂದೆ ಬ್ಯಾಡ್‌ಲ್ಯಾಂಡ್ಸ್‌ನ ಮಣ್ಣಿನ ಗೋಪುರಗಳನ್ನೂ, ಕಪ್ಪುಬೆಟ್ಟಗಳಲ್ಲಿ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೆತ್ತಿದ ಮೌಂಟ್ ರಶ್‌ಮೋರನ್ನೂ ನೋಡಿದೆವು. 1927ರಿಂದ 1941ರವರೆಗೆ ನಡೆದ ಆ ಕೆತ್ತನೆ ದೊಡ್ಡದೇ ಹೌದು. ಆದರೆ ಅದೇ ಬೆಟ್ಟಗಳನ್ನು 1868ರ ಒಪ್ಪಂದದಲ್ಲಿ ಲಕೋಟ ಜನರಿಗೆ ಬಿಟ್ಟುಕೊಟ್ಟು, ಚಿನ್ನ ಸಿಕ್ಕ ಮೇಲೆ ಕಸಿದುಕೊಂಡರೆಂದೂ, 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಪರಿಹಾರದ ಹಣವನ್ನು ಆ ಜನ ಮುಟ್ಟದೆ ಬೆಟ್ಟಗಳನ್ನೇ ಕೇಳುತ್ತಿರುವರೆಂದೂ ತಿಳಿದ ಮೇಲೆ ನನ್ನ ಮನಸ್ಸು ಚೇಂಬರ್ಲೇನಿನ ಆ ಸ್ತ್ರೀಪ್ರತಿಮೆಯ ಕಡೆಗೇ ಹೋಯಿತು.

ವ್ಯೋಮಿಂಗ್ ರಾಜ್ಯದ ಬಿಗ್‌ಹಾರ್ನ್ ಪರ್ವತವನ್ನು ದಾಟಲು ಮೂರು ದಾರಿಗಳಿವೆ. ಹೊರೆ ಎಳೆಯುವವರಿಗೆ ಸೌಮ್ಯವಾದದ್ದು ಹೆದ್ದಾರಿ 16. ಆದರೂ ಪೌಡರ್ ರಿವರ್ ಕಣಿವೆಮಾರ್ಗದ ನೆತ್ತಿ 9,666 ಅಡಿ ಎತ್ತರದಲ್ಲಿದೆ. ಜೂನ್ ತಿಂಗಳಲ್ಲಿಯೂ ಅಲ್ಲಲ್ಲಿ ಹಿಮ. ಹೊರಡುವ ಮುನ್ನ ಮಗ ತಾನಾಗಿಯೇ, “ಅಪ್ಪಾ, ಉಳವಿ ಘಟ್ಟದಾಗ ಇಳಿಜಾರಿಗೆ ಏನ್ ಮಾಡ್ತಿದ್ರಿ?” ಎಂದು ಕೇಳಿದ. ಚಕ್ಕಡಿಯ ಹಿಂದೆ ಹಗ್ಗ ಕಟ್ಟಿ ಗಂಡಸರು ಜಗ್ಗಿ ಹಿಡಿಯುತ್ತಿದ್ದರೆಂದೂ, ಇಳಿಯುವುದಕ್ಕೆ ಮೊದಲೇ ನಿಧಾನ ಮಾಡಬೇಕೆಂದೂ ಹೇಳಿದೆ. ಇಲ್ಲಿಯೂ ಅದೇ ಕ್ರಮ. ನೆತ್ತಿಯಲ್ಲಿಯೇ ಗೇರ್ ಇಳಿಸಿ, ಎಂಜಿನ್ನಿನ ಹಿಡಿತದಲ್ಲಿ ಇಳಿದು, ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ ಒಮ್ಮೆ ಗಟ್ಟಿಯಾಗಿ ತುಳಿದು ಬಿಡಬೇಕು. ಆದರೂ ಟೆನ್ ಸ್ಲೀಪ್ ಕಣಿವೆಯ ನಡುವೆ ಕಾದ ಬ್ರೇಕಿನ ವಾಸನೆ ಬಂತು. ಪಕ್ಕಕ್ಕೆ ನಿಲ್ಲಿಸಿ, ಚಕ್ರಗಳು ಆರುವವರೆಗೆ ಅರ್ಧ ತಾಸು ಕಾದೆವು. ಮಗ ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತು, “ಅವತ್ತ ನಿಮಗ ಸುಮ್ಮನಿರ್ರಿ ಅಂದೆ” ಎಂದ. “ಅಂದದ್ದು ಛಲೋ ಆತು” ಎಂದೆ. ಆ ಬಗ್ಗೆ ಮತ್ತೆ ನಾವು ಮಾತಾಡಲಿಲ್ಲ.

ಯೆಲ್ಲೋಸ್ಟೋನಿನ ವರ್ಣನೆಗೆ ಬೇರೆ ಲೇಖನವೇ ಬೇಕು. 1872ರಲ್ಲಿ ಸ್ಥಾಪನೆಯಾದ, ಜಗತ್ತಿನಲ್ಲೇ ಮೊದಲನೆಯದೆನಿಸಿದ ರಾಷ್ಟ್ರೀಯ ಉದ್ಯಾನ ಅದು. ನಾವು ತಂಗಿದ ಫಿಶಿಂಗ್ ಬ್ರಿಡ್ಜ್ ಬೀಡಿನಲ್ಲಿ ಕರಡಿಗಳ ಭಯದಿಂದಾಗಿ ಬಟ್ಟೆಯ ಡೇರೆಗಳಿಗೆ ಅವಕಾಶವಿಲ್ಲ. ಗಟ್ಟಿ ಗೋಡೆಯ ಮನೆಯೇ ಬೇಕು. ಟ್ರೇಲರನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸುವುದು ಸುಲಭವಲ್ಲ. ಎಡಕ್ಕೆ ತಿರುಗಿಸಿದರೆ ಮನೆ ಬಲಕ್ಕೆ ಹೋಗುತ್ತದೆ. ಹಿಂದೆ ನಿಂತು ಕೈಸನ್ನೆ ಮಾಡುವ ಹೆಂಡತಿ, ಒಳಗೆ ಕುಳಿತು ಸಿಟ್ಟಾಗುವ ಗಂಡ: ಈ ದೃಶ್ಯ ಎಲ್ಲ ಬೀಡುಗಳಲ್ಲೂ, ಎಲ್ಲ ದೇಶದವರಲ್ಲೂ ಒಂದೇ.

ಮೊಂಟಾನಾ, ಐಡಾಹೊ ದಾಟಿ ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ಸೇತುವೆಗೆ ಬಂದಾಗ ಮತ್ತೆ ಅಂಥದೇ ಅಡ್ಡಗಾಳಿ. ಯಾರೂ ಮಾತಾಡಲಿಲ್ಲ. ಲಾರಿಯೊಂದು ಪಕ್ಕದಲ್ಲಿ ಹಾಯ್ದುಹೋಯಿತು. ಮನೆ ಒಮ್ಮೆ ಮೈ ಕೊಡವಿ, ನೆಟ್ಟಗೆ ಹಿಂಬಾಲಿಸಿತು.

ಹದಿನಾರನೆಯ ದಿನ ಸಂಜೆ ಸಿಯಾಟಲ್ ಸೇರಿದೆವು. ಮಗಳ ಮನೆ ಇರುವುದು ಕಡಿದಾದ ಓಣಿಯಲ್ಲಿ. ಟ್ರೇಲರ್ ಅಲ್ಲಿಗೆ ಹತ್ತುವಂತಿರಲಿಲ್ಲ. ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿ, ತೊಟ್ಟಿಲನ್ನು ನಾನೊಂದು ಕಡೆ, ಮಗನೊಂದು ಕಡೆ ಹಿಡಿದು ಏರತೊಡಗಿದೆವು. ಬಾಗಿಲಲ್ಲಿ ನಿಂತಿದ್ದ ಮಗಳು ಇಳಿದು ಬರಲು ನೋಡಿದಳು. “ಅಲ್ಲೇ ನಿಲ್ಲವ್ವಾ” ಎಂದು ಅವಳ ತಾಯಿ ಗದರಿದಳು. ಕೌದಿ ಬಿಚ್ಚಿದಾಗ ಪಟ್ಟಿ ಬಿಗಿದ ಕಡೆ ಸಾಗವಾನಿಯ ಮೇಲೆ ಬೆರಳಗಲದ ಒಂದು ಗುರುತು ಮೂಡಿತ್ತು. ಎಣ್ಣೆ ಹಚ್ಚಿ ತಿಕ್ಕಿದರೂ ಅದು ಹೋಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಮೊಮ್ಮಗ ಅದರಲ್ಲಿ ಮಲಗಿದ.