ಕಪ್ಪತಗುಡ್ಡದ ಕಾಲುದಾರಿ

ಇಂದಿನ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆಯೆಂಬುದು ವಾಚಕರಿಗೆ ತಿಳಿದ ಸಂಗತಿ. ಇಲ್ಲಿಗೆ ಬರುವ ಯಾತ್ರಿಕರು ಸೋಮೇಶ್ವರನ ದರ್ಶನ ಮಾಡಿಕೊಂಡು, ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯಲ್ಲಿ ಈ ಊರನ್ನೆಣಿಸಿದುದನ್ನು ನೆನೆದು ಹಿಂದಿರುಗುವರು. ಈಶಾನ್ಯದ ಕಪ್ಪತಗುಡ್ಡದ ಕಡೆಗೆ ಹೊರಳುವವರು ವಿರಳ. ಎಪ್ಪತ್ತು ಗಿರಿಗಳಿಗಿಂತ ಕಪ್ಪತಗಿರಿಯೊಂದನ್ನು ನೋಡುವುದು ಲೇಸೆಂದು ಈ ಸೀಮೆಯ ಜನರು ಹೇಳುವುದುಂಟು. ಪ್ರಾಸಕ್ಕಾಗಿ ಹುಟ್ಟಿದ ಮಾತಾದರೂ ಸುಳ್ಳಲ್ಲ.

ಡೋಣಿಯ ಕಡೆಯಿಂದ ಕಪ್ಪತ ಮಲ್ಲೇಶ್ವರನ ಗುಡಿಗೆ ವಾಹನದ ದಾರಿಯಿದೆ. ಆದರೂ ಮಾರ್ಗಶಿರ ಮಾಸದಲ್ಲಿ ನಾವು ಮೂವರು ನಿವೃತ್ತ ಶಿಕ್ಷಕರು ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿಗಳ ಬುತ್ತಿ ಕಟ್ಟಿಕೊಂಡು ಶಿರಹಟ್ಟಿಯ ಮಗ್ಗುಲಿನಿಂದ ಹತ್ತತೊಡಗಿದೆವು. ದಾರಿ ತೋರಲು ವೃದ್ಧ ಕುರುಬನೊಬ್ಬನು ಜೊತೆಗಿದ್ದನು.

ಮಲೆನಾಡಿನ ದಟ್ಟ ನೆರಳನ್ನು ಇಲ್ಲಿ ಯಾರೂ ಅರಸಬಾರದು. ಕುರುಚಲು ಕಾಡು, ಕೆಮ್ಮಣ್ಣು, ಎದೆಯೆತ್ತರದ ಹುಲ್ಲು. ಕಾಲಿಟ್ಟಲ್ಲಿ ಸಡಿಲುಗಲ್ಲು ಜಾರುವುದು. ಹಿಡಿದ ಗಿಡವೆಲ್ಲ ಮುಳ್ಳೇ. ಒಂದು ದಿಣ್ಣೆಯೇರಿದೊಡನೆ ಇನ್ನೊಂದು ಎದುರಾಗುವುದು. ಎರಡನೆಯ ಕಣಿವೆಯಲ್ಲಿ ನಮ್ಮ ಮಿತ್ರರೊಬ್ಬರು ಏದುಸಿರು ಬಿಡುತ್ತ ಕುಳಿತುಬಿಟ್ಟರು. ನೀರು ಅರ್ಧ ಮುಗಿದಿತ್ತು; ಬಿಸಿಲೇರಿತ್ತು. ತೋಳ, ಚಿರತೆ, ಕತ್ತೆಕಿರುಬಗಳಿರುವ ಕಾಡಿನಲ್ಲಿ ಅವರೊಬ್ಬರನ್ನೇ ಬಿಟ್ಟು ಮುಂದುವರಿಯುವ ಮಾತೇ ಇರಲಿಲ್ಲ. ಬಂಡೆಯ ನೆರಳಿನಲ್ಲಿ ತಾಸುಹೊತ್ತು ತಂಗಿದೆವು.

ಆ ತಂಗುವಿಕೆಯೇ ನಮಗೆ ಲಾಭವಾಯಿತು. ಬಂಡೆಗೆ ಹಬ್ಬಿದ್ದ, ಸೂಜಿಯಂತಹ ಎಳೆಗಳ ಮುಳ್ಳುಬಳ್ಳಿಯೊಂದನ್ನು ತೋರಿಸಿ ಕುರುಬನು, "ಇದಕ್ಕ ಹಲವು ಮಕ್ಕಳ ತಾಯಿ ಅಂತೀವ್ರೀ ಮಾಸ್ತರ್ರ. ಬುಡದಾಗ ಗಡ್ಡಿ ಗೊಂಚಲ ಇರ್ತಾವ," ಎಂದನು. ನಾವು ಬೆರಗಾದೆವು. ಅದು ಶತಾವರಿ. ಅಮರಕೋಶದ ವನೌಷಧಿವರ್ಗದಲ್ಲಿ ಅದರ ಪರ್ಯಾಯಪದಗಳಲ್ಲೊಂದು 'ಬಹುಸುತಾ', ಎಂದರೆ ಬಹು ಮಕ್ಕಳುಳ್ಳವಳು! ಮೂವತ್ತು ವರ್ಷ ಹುಡುಗರಿಂದ ಆ ಪದವನ್ನು ಬಾಯಿಪಾಠ ಮಾಡಿಸಿದ್ದೆವು. ಅಕ್ಷರವರಿಯದ ಈ ಮನುಷ್ಯನು ಅದೇ ಅರ್ಥವನ್ನು ಅಚ್ಚಗನ್ನಡದಲ್ಲಿ ನಮ್ಮ ಮುಂದಿಟ್ಟನು. ಅಮರಸಿಂಹನು ಕಲಿತುದೂ ಇಂಥವರಿಂದಲೇ ಇರಬೇಕು.

ಹತ್ತಿ ಮುಗಿಸಿದಾಗ ಗಾಳಿ ನಮ್ಮನ್ನು ನೂಕುವಂತಿತ್ತು. ದಿಬ್ಬದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಈ ಮಣ್ಣಿನಲ್ಲಿ ಚಿನ್ನವುಂಟೆಂಬುದೇ ಗುಡ್ಡಕ್ಕೆ ಕಂಟಕವಾಯಿತು. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ ಸರಕಾರವೇ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನರು ಬೀದಿಗಿಳಿದ ಮೇಲೆ 2017ರಲ್ಲಿ ಆ ರಕ್ಷಣೆ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. 2018ರಲ್ಲಿಯೇ ಲಿಂಗೈಕ್ಯರಾದ ಸ್ವಾಮಿಗಳು ಅದನ್ನು ಕಾಣಲಿಲ್ಲ.

ಇದನ್ನು ನಾವು ಹರ್ಷದಿಂದ ಹೇಳುತ್ತಿರಲು ಕುರುಬನು ಮೆಲ್ಲನೆ, "ಗುಡ್ಡ ಉಳೀತು, ಚಲೋ ಆತ್ರೀ. ನಮ್ಮ ಕುರಿ ಎಲ್ಲಿ ಮೇಯಬೇಕು?" ಎಂದನು. ಗಣಿಗೆ ಹಾಕಿದ ಬೇಲಿ ಇವನ ಹಿಂಡಿಗೂ ಅಡ್ಡ ಬಂದಿದ್ದರೆ, ಅದರ ವಿಚಾರ ಮಾಡಬೇಕಾದವರು ಅವನೊಬ್ಬನೇ ಅಲ್ಲವೆಂದು ನಮ್ಮ ಮತ.

ಹೋಗಲಿಚ್ಛಿಸುವವರು ಮಳೆಗಾಲದ ಕೊನೆಯಿಂದ ಮಾರ್ಗಶಿರದೊಳಗೆ ಹೋಗಬೇಕು. ತಲೆಗೆ ಎರಡು ಸೇರಿನಷ್ಟಾದರೂ ನೀರಿರಲಿ. ಬೇಸಗೆಯಲ್ಲಿ ಒಣಹುಲ್ಲಿಗೆ ಕಾಳ್ಗಿಚ್ಚು ಹತ್ತುವುದರಿಂದ ಬೆಂಕಿಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡತಕ್ಕದ್ದು.