ಅಟ್ಟದ ಮೇಲಿನ ಲಗಾಮು

ತಿಪಟೂರು ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿದವರಿಗೆ ಮೊದಲು ಕಾಣುವುದು ತೆಂಗಿನಕಾಯಿಯ ರಾಶಿ. ಕೆ.ಬಿ. ಕ್ರಾಸ್ ಹತ್ತಿರವಿರುವ ನಮ್ಮ ಅಜ್ಜನ ಮನೆಯೂ ಹಾಗೆಯೇ. ಆ ಕ್ರಾಸಿನಿಂದ ಒಂದು ದಾರಿ ತಿಪಟೂರಿಗೆ, ಒಂದು ತುರುವೇಕೆರೆಗೆ, ಇನ್ನೊಂದು ಚಿಕ್ಕನಾಯಕನಹಳ್ಳಿಗೆ. ಯಾವ ದಾರಿ ಹಿಡಿದರೂ ಎಡಕ್ಕೆ ತೆಂಗು, ಬಲಕ್ಕೆ ತೆಂಗು.

ಕಳೆದ ಬೇಸಿಗೆ ರಜೆಯಲ್ಲಿ ಮಗಳು ಅಟ್ಟ ಹತ್ತಿ, ಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಒಳಗೆ ಗುಡುಗುಡು ಅಂತಿದೆ!" ಎಂದು ಕೂಗಿದಳು. ಹಾಗೆ ಸದ್ದಾದರೆ ಕೊಬ್ಬರಿ ಆಗಿದೆ ಎಂದರ್ಥ. ಬಲಿತ ಕಾಯನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ನೆರಳಲ್ಲಿ ಇಡಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ತಿಪಟೂರಿಗೆ ಹೆಸರು ತಂದದ್ದು ಈ ಉಂಡೆ ಕೊಬ್ಬರಿಯೇ. ಇದಕ್ಕೆ ಅವಸರ ಆಗಿಬರುವುದಿಲ್ಲ.

ಕಾಯಿರಾಶಿಯ ಹಿಂದೆ ಒಂದು ಗೋಣಿಚೀಲವಿತ್ತು. ಬಿಚ್ಚಿದರೆ ಅಜ್ಜನ ಜಟಕಾ ಕುದುರೆಯ ಸಜ್ಜು! ಲಗಾಮು, ಕೊರಳಪಟ್ಟಿ, ಹೊಟ್ಟೆಗೆ ಬಿಗಿಯುವ ಪಟ್ಟಿ, ಹಿತ್ತಾಳೆಯ ಬಕಲುಗಳು. ತಿಪಟೂರು ರೈಲ್ವೆ ಸ್ಟೇಷನ್ನಿಗೆ ಅಜ್ಜ ಜಟಕಾ ಹೊಡೆಯುತ್ತಿದ್ದ ಕಾಲದ್ದು. ಚರ್ಮದ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಬೂಷ್ಟು ಕಟ್ಟಿತ್ತು.

ವಿಷಯ ಊರಿಗೆಲ್ಲ ಹರಡಿತು. ಪಕ್ಕದ ಬೀದಿಯ ಹುಡುಗನೊಬ್ಬ ಹೊಸದಾಗಿ ಕುದುರೆ ತಂದಿದ್ದ. "ಅಕ್ಕಾ, ಜಾತ್ರೆ ದಿನ ಗಾಡಿ ಕಟ್ಟೋಣ ಅಂತ. ಆ ಸಜ್ಜು ಕೊಡ್ತೀರಾ?" ಎಂದ. "ಅದಕ್ಕೇನಂತೆ, ತೊಳೆದು ಕೊಡ್ತೀನಿ" ಎಂದೆ.

ತೊಳೆದೆ, ನನಗೆ ತಿಳಿದ ಹಾಗೆ. ಬಕೆಟ್ಟಿನಲ್ಲಿ ಬಟ್ಟೆ ಸೋಪಿನ ಪುಡಿ ಕದಡಿ ಎಲ್ಲವನ್ನೂ ನೆನೆಹಾಕಿದೆ. ಬ್ರಷ್ಷಿನಿಂದ ಉಜ್ಜಿ ತಾರಸಿಯ ಬಿಸಿಲಿಗೆ ಹರವಿದೆ. ಲಗಾಮು ಮಾತ್ರ ಉದ್ದವಾಗಿದ್ದರಿಂದ ಅಮ್ಮ ಅದನ್ನು ಒಳಗಿನ ಗೂಟಕ್ಕೆ ನೇತುಹಾಕಿದಳು. ಸಂಜೆ ನೋಡಿದರೆ ಬಿಸಿಲಿಗಿಟ್ಟ ಪಟ್ಟಿಗಳು ಹಪ್ಪಳದಂತೆ ಸೆಟೆದುಕೊಂಡಿದ್ದವು. ಗಾಬರಿಯಾಗಿ ತೆಂಗಿನೆಣ್ಣೆ ಸುರಿದೆ. ತೆಂಗಿನ ಸೀಮೆಯವರಿಗೆ ತಲೆಗೂ ಅದೇ, ಗಾಯಕ್ಕೂ ಅದೇ, ಬಾಗಿಲಿನ ಕೀಲಿಗೂ ಅದೇ ತಾನೆ? ಬೆಳಗಾಗುವುದರೊಳಗೆ ಚರ್ಮ ಕಪ್ಪಾಗಿ ಅಂಟಂಟಾಗಿತ್ತು. ಇಲಿಯೂ ಒಂದು ಕಡೆ ರುಚಿ ನೋಡಿತ್ತು.

ಅಮ್ಮ ಹೇಳಿದಳೆಂದು ಎಲ್ಲವನ್ನೂ ಕಟ್ಟಿಕೊಂಡು ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದೆವು. ಅಲ್ಲಿ ಚರ್ಮದ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, "ಇದು ನಮ್ಮಪ್ಪನ ಕೈ" ಎಂದರು. ಆಮೇಲೆ ಪಟ್ಟಿಯನ್ನು ಮೂಸಿದರು. "ಬಿಸಿಲಿಗೆ ಹಾಕಿದ್ರಾ? ಉಂಡೆ ಕೊಬ್ಬರಿ ಮಾಡೋ ಊರಿನೋರಿಗೆ ನೆರಳು ಅಂದ್ರೇನು ಅಂತ ನಾನು ಹೇಳ್ಬೇಕಾ?"

ಮಗಳು ಕಿಸಕ್ಕನೆ ನಕ್ಕಳು. ನಾನು ತಲೆ ತಗ್ಗಿಸಿದೆ.

ದಾರಿಯುದ್ದಕ್ಕೂ ನಾವು ನೋಡಿದ್ದ ಹಳದಿ ಹೂವಿನ ಗಿಡದಿಂದಲೇ ಅವರು ಪಾಠ ಶುರು ಮಾಡಿದರು. ಅದು ತಂಗಡಿ, ಆವರಿಕೆ ಎಂದೂ ಕರೆಯುತ್ತಾರೆ. ಹಸಿ ಚರ್ಮ ನೆನೆದರೆ ಕೊಳೆಯುತ್ತದೆ, ಒಣಗಿದರೆ ಮರದಂತಾಗುತ್ತದೆ. ತಂಗಡಿಯ ತೊಗಟೆಯಲ್ಲಿರುವ ಒಗರು ಚರ್ಮದ ಎಳೆಗಳನ್ನು ಹಿಡಿದುಕೊಂಡರೆ ಅದು ಕೊಳೆಯುವುದಿಲ್ಲ. ಹದ ಮಾಡುವುದೆಂದರೆ ಇದೇ. ಎಳೆಗಳ ನಡುವೆ ಒಂದಿಷ್ಟು ಜಿಡ್ಡು ಇರಬೇಕು. ಆಗಲೇ ಅವು ಒಂದರ ಮೇಲೊಂದು ಜಾರುತ್ತವೆ, ಪಟ್ಟಿ ಬಾಗುತ್ತದೆ. ಬಟ್ಟೆ ಸೋಪು ಆ ಜಿಡ್ಡನ್ನು ತೊಳೆದುಹಾಕುತ್ತದೆ. ಸುಡುಬಿಸಿಲು ಉಳಿದ ಪಸೆಯನ್ನೂ ಹೀರುತ್ತದೆ.

ಹಾಗಾದರೆ ಸರಿಯಾದ ಕ್ರಮವೇನು? ಅವರು ಲಗಾಮನ್ನು ಎತ್ತಿಕೊಂಡು ಮಾಡಿಯೇ ತೋರಿಸಿದರು. ಮೊದಲು ಬಕಲು ಬಿಚ್ಚಬೇಕು, ಕೊಳೆ ಕೂರುವುದು ಅದರ ಮಡಿಕೆಯಲ್ಲೇ. ಹಿಂಡಿದ ಒದ್ದೆ ಬಟ್ಟೆಯಿಂದ ಧೂಳು ಮತ್ತು ಬೆವರಿನ ಉಪ್ಪನ್ನು ಒರೆಸಬೇಕು. ಜೀನಿನ ಸೋಪು ಅಥವಾ ಗ್ಲಿಸರಿನ್ ಸೋಪನ್ನು ಸ್ಪಂಜಿಗೆ ಸ್ವಲ್ಪವೇ ಹಚ್ಚಿ ತಿಕ್ಕಬೇಕು. ನೊರೆ ಹೆಚ್ಚಾದರೆ ನೀರು ಹೆಚ್ಚಾಯಿತೆಂದು ತಿಳಿಯಬೇಕು. ನೆರಳಲ್ಲಿ, ಗಾಳಿಯಲ್ಲಿ ಆರಲು ಬಿಡಬೇಕು. ಇನ್ನೂ ಒಂಚೂರು ತಂಪಿರುವಾಗಲೇ ಎಣ್ಣೆಯನ್ನು ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಸವರಬೇಕು. ಒಳಮೈ ಹೆಚ್ಚು ಎಣ್ಣೆ ಕುಡಿಯುತ್ತದೆ. ಒಂದು ದಿನ ಬಿಟ್ಟು ನೋಡಿ, ಬೇಕೆನಿಸಿದರೆ ಇನ್ನೊಂದು ಸಲ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಬೆಳಗಬಹುದು, ಆದರೆ ಬಕಲು ಬಿಚ್ಚಿದ ಮೇಲೆ ಮಾತ್ರ. ಹುಳಿ ಚರ್ಮಕ್ಕೆ ತಾಗಬಾರದು.

"ತೆಂಗಿನೆಣ್ಣೆ ತಪ್ಪಾ ತಾತ?" ಎಂದಳು ಮಗಳು.

"ತಪ್ಪಲ್ಲ ಕಣವ್ವ, ಸುರಿಯೋದು ತಪ್ಪು. ಜಾಸ್ತಿಯಾದ್ರೆ ಚರ್ಮ ಮೆತ್ತಗಾಗಿ ಜಗ್ಗುತ್ತೆ, ಹೊಲಿಗೆ ದಾರ ಕೊಳೆಯುತ್ತೆ" ಎಂದರು. ತೆಂಗಿನೆಣ್ಣೆಗೆ ಇನ್ನೊಂದು ಗುಣವಿದೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಬೆಳ್ಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಗ್ಗೆ ಸೀಸೆಯಲ್ಲಿ ನೀವೂ ನೋಡಿರುತ್ತೀರಿ. ಕುದುರೆ ಸಾಕುವವರು ಬಹಳ ಕಾಲದಿಂದ ಬಳಸುವುದು ದನದ ಕಾಲಿನ ಮೂಳೆ ಬೇಯಿಸಿ ತೆಗೆದ ಎಣ್ಣೆಯನ್ನು. ದನದ ಕಾಲು ಮೈಗಿಂತ ತಣ್ಣಗಿರುತ್ತದೆ. ಅಲ್ಲಿನ ಕೊಬ್ಬು ಹೆಪ್ಪುಗಟ್ಟದ ಹಾಗೆ ಪ್ರಕೃತಿಯೇ ನೋಡಿಕೊಂಡಿದೆ. ಆದ್ದರಿಂದ ಆ ಎಣ್ಣೆ ಚಳಿಯಲ್ಲೂ ಹರಿಯುತ್ತದೆ.

ಕೊನೆಗೆ ಹೊಟ್ಟೆಪಟ್ಟಿಯ ಸರದಿ. ಅದನ್ನು ಬಕಲಿನ ಹತ್ತಿರ ನಿಧಾನವಾಗಿ ಬಗ್ಗಿಸಿದರು. ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು. "ಇದನ್ನ ಕುದುರೆಗೆ ಕಟ್ಟಬೇಡಿ. ಓಡ್ತಾ ಇರುವಾಗ ಕಿತ್ತುಹೋದ್ರೆ ಗಾಡಿ ಹಿಂದಕ್ಕೆ ಎತ್ತುತ್ತೆ, ಕುದುರೆ ಬೆದರುತ್ತೆ. ಒಳಗೆ ಮಕ್ಕಳಿರ್ತವೆ."

"ಎಣ್ಣೆ ಹಾಕಿದರೆ ಸರಿಹೋಗಲ್ವಾ?"

"ಬಿರುಕು ಬಿಟ್ಟಿದ್ದು ಕೂಡಲ್ಲ. ಎಣ್ಣೆ ಅದನ್ನ ಮುಚ್ಚುತ್ತೆ ಅಷ್ಟೆ."

ನಲವತ್ತು ವರ್ಷ ಅಟ್ಟದ ಮೇಲೆ ಉಳಿದದ್ದು ನನ್ನ ಒಂದು ದಿನದ ಅವಸರಕ್ಕೆ ಹೋಯಿತು. ನನ್ನ ಮುಖ ನೋಡಿ ಅವರು ಮಾತು ಬದಲಿಸಿದರು. "ನಿಮ್ಮಜ್ಜ ದಿನಾ ಸಂಜೆ ಒರೆಸೋರಂತೆ. ನಮ್ಮಪ್ಪ ವರ್ಷಕ್ಕೊಂದು ಸಲ ಬಂದು ಹೊಲಿಗೆ ಹಾಕೋನು. ನಿಮ್ಮ ಮನೆ ಮುಂದಿನ ಹುಣಸೆಮರದ ಕೆಳಗೆ ಕೂರ್ತಿದ್ದ. ಜಗುಲಿ ಹತ್ತೋ ಹಾಗಿರಲಿಲ್ಲವಲ್ಲ." ದೂರಿನ ದನಿಯಿರಲಿಲ್ಲ. ಆದರೂ ನನಗೆ ಉತ್ತರ ಹೊಳೆಯಲಿಲ್ಲ. ಆ ಹೊಲಿಗೆಯನ್ನು ನಂಬಿ ನಮ್ಮ ಮನೆಯವರೆಲ್ಲ ಗಾಡಿಯಲ್ಲಿ ಕೂತಿದ್ದರು. ಹೊಲಿದವರನ್ನು ಮಾತ್ರ ಜಗುಲಿಯ ಮೇಲೆ ಕೂರಿಸಿರಲಿಲ್ಲ.

ಜಾತ್ರೆಯ ಬೆಳಗ್ಗೆ ಅವರೇ ಹೊಸ ಹೊಟ್ಟೆಪಟ್ಟಿ ಹೊಲಿದು ತಂದರು. ಅಮ್ಮ ಬಾಗಿಲಿಗೆ ಬಂದು, "ಒಳಗೆ ಬನ್ನಿ, ಕಾಫಿ ಆಗಿದೆ" ಎಂದಳು. ಅವರು ಕ್ಷಣ ನಿಂತು, ಒಳಗೆ ಬಂದು ಕೂತರು.

ಕುದುರೆಗೆ ಸಜ್ಜು ಕಟ್ಟುವಾಗ ಮಗಳು ಪಟ್ಟಿಯ ಕೆಳಗೆ ಕೈ ಆಡಿಸಿ ನೋಡಿದಳು. ಒಂದು ಮರಳಿನ ಕಣವಿದ್ದರೂ ಕುದುರೆಯ ಮೈ ಗಾಯವಾಗುತ್ತದೆಂದು ಅವರು ಹೇಳಿಕೊಟ್ಟಿದ್ದರು. ಅಜ್ಜನ ಲಗಾಮು ಹುಡುಗನ ಕೈಯಲ್ಲಿ ಮೆತ್ತಗೆ ಬಾಗಿತು. ಗಾಡಿ ತೋಟದ ದಾರಿ ಹಿಡಿಯಿತು.

ಸಂಜೆ ಕುದುರೆಗೆ ಹುರುಳಿ ಇಡುವ ಮೊದಲೇ ಒದ್ದೆ ಬಟ್ಟೆ ಹಿಡಿದು ಬಂದವಳು ಮಗಳು. ಲಗಾಮು ಈಗ ಮತ್ತೆ ಮನೆಯಲ್ಲಿದೆ, ಗೋಣಿಚೀಲದಲ್ಲಲ್ಲ. ಗಾಳಿಯಾಡುವ ನಡುಮನೆಯ ಗೂಟದಲ್ಲಿ, ನೆರಳಲ್ಲಿ. ಪಕ್ಕದ ಗೂಟದಲ್ಲಿ ಬಿರುಕುಬಿಟ್ಟ ಹಳೆಯ ಪಟ್ಟಿಯೂ ಇದೆ. ಅದನ್ನು ಅಲ್ಲಿ ಹಾಕಿದವಳು ನಾನೇ.