ಹೆಸರು ಬಿಟ್ಟುಹೋದ ಹಾಡುಗಳ ಊರು

ಋಷಿಕೇಶದ ರಾಮ ಝೂಲಾ ದಾಟಿ, ಗಂಗೆ ಹರಿಯುವ ದಿಕ್ಕಿನಲ್ಲೇ ಬಲಕ್ಕೆ ನಡೆದರೆ ಮೊದಲು ಸಿಗುವುದು ಸ್ವರ್ಗಾಶ್ರಮದ ಜನಜಂಗುಳಿ. ರುದ್ರಾಕ್ಷಿ, ಹಿತ್ತಾಳೆಯ ಗಿಂಡಿ, ಕೇಸರಿ ಶಾಲು, ಬಿಸಿ ಜಿಲೇಬಿ. ಪರಮಾರ್ಥ ನಿಕೇತನ ಹಿಂದೆ ಬಿದ್ದ ಮೇಲೆ ಅಂಗಡಿಗಳು ಒಂದೊಂದಾಗಿ ಕರಗುತ್ತವೆ, ಗಂಟೆಗಳ ಸದ್ದು ಸಣ್ಣದಾಗುತ್ತದೆ. ಕೊನೆಗೆ ಉಳಿಯುವುದು ಕಾಡು, ಕೋತಿ ಮತ್ತು ಅರಣ್ಯ ಇಲಾಖೆಯ ಒಂದು ಗೇಟು. ಒಳಗಿರುವುದು ಚೌರಾಸಿ ಕುಟಿಯಾ. ಹಾಗೆಂದರೆ ಆಟೋದವನಿಗೆ ಅರ್ಥವಾಗದಿರಬಹುದು. 'ಬೀಟಲ್ಸ್ ಆಶ್ರಮ' ಎಂದರೆ ಸಾಕು.

ಈ ಗೇಟಿನಲ್ಲಿ ಟಿಕೆಟ್ ಕೊಳ್ಳುವವರಲ್ಲಿ ಎರಡು ಬಗೆ. ಪಾಳು ಗೋಡೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಬರುವವರು ಒಂದು ಬಗೆ. ಇನ್ನೊಂದು ಬಗೆಯವರು ಕಡಿಮೆ, ವಯಸ್ಸಿನಲ್ಲಿ ಹಿರಿಯರು. ಅವರ ತಲೆಯಲ್ಲಿ ಹಾಡುಗಳ ಪಟ್ಟಿಯೊಂದಿರುತ್ತದೆ. ಯಾವ ಹಾಡು ಇಲ್ಲಿ ಹುಟ್ಟಿತು, ಯಾವುದು ದಾರಿಯಲ್ಲಿ ಸತ್ತಿತು, ಯಾವುದು ಬೇರೆ ಹೆಸರಿನಲ್ಲಿ ಬದುಕಿತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಬಂದವರೊಡನೆ ವಾದಕ್ಕೂ ಸಿದ್ಧ.

ಕಥೆಯ ಆರಂಭ 1967ರ ಆಗಸ್ಟಿನಲ್ಲಿ. ಮಹರ್ಷಿ ಮಹೇಶ ಯೋಗಿ ಲಂಡನ್ನಿನಲ್ಲಿ ನೀಡಿದ ಉಪನ್ಯಾಸಕ್ಕೆ ಬೀಟಲ್ಸ್ ತಂಡದವರು ಹೋಗಿದ್ದರು. ಅದಾದ ಕೆಲವೇ ದಿನಗಳಲ್ಲಿ ಅವರ ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ ತೀರಿಕೊಂಡ. ಜಗತ್ತಿನ ಅತಿ ಪ್ರಸಿದ್ಧ ನಾಲ್ವರು ಯುವಕರು ಒಮ್ಮೆಲೇ ಹಿರಿಯರಿಲ್ಲದ ಮನೆಯ ಮಕ್ಕಳಂತಾದರು. 1968ರ ಫೆಬ್ರುವರಿಯಲ್ಲಿ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಮೊದಲು ಇಲ್ಲಿಗೆ ಬಂದರು. ನಾಲ್ಕು ದಿನಗಳ ಬಳಿಕ ಪಾಲ್ ಮೆಕಾರ್ಟ್ನಿ ಮತ್ತು ರಿಂಗೋ ಸ್ಟಾರ್ ಬಂದರು. ನಟಿ ಮಿಯಾ ಫ್ಯಾರೋ, ಗಾಯಕ ಡೋನೋವನ್, ಬೀಚ್ ಬಾಯ್ಸ್ ತಂಡದ ಮೈಕ್ ಲವ್ ಕೂಡ ಆ ಋತುವಿನ ಶಿಬಿರಾರ್ಥಿಗಳು.

ಗೇಟು ದಾಟಿ ಏರು ದಾರಿ ಹಿಡಿದರೆ ಎರಡೂ ಬದಿ ಹೊಳೆಗಲ್ಲುಗಳನ್ನು ಹೊದ್ದ ಗುಮ್ಮಟದಂಥ ಗುಡಿಸಲುಗಳು ಕಾಣಿಸುತ್ತವೆ. ಒಟ್ಟು 84, ಊರಿನವರು ಕರೆಯುವ ಹೆಸರು ಬಂದದ್ದೇ ಈ ಲೆಕ್ಕದಿಂದ. ಇವುಗಳಲ್ಲೇ ಬೀಟಲ್ಸ್ ಕುಳಿತು ಹಾಡು ಕಟ್ಟಿದರೆಂದು ಎಷ್ಟೋ ಮಂದಿ ನಂಬುತ್ತಾರೆ. ಹಳೆಯ ಅಭಿಮಾನಿ ತಲೆಯಾಡಿಸಿ ನಗುತ್ತಾನೆ. ಅವರಿದ್ದದ್ದು ಮೇಲಿನ ಬಂಗಲೆಗಳಲ್ಲಿ.

ಆ ಬಂಗಲೆಗಳಲ್ಲಿ ಬೆಳಗ್ಗೆ ಧ್ಯಾನ, ಸಂಜೆ ಗಿಟಾರ್. ಡೋನೋವನ್ ಬೆರಳುಗಳಿಂದ ತಂತಿ ಮೀಟುವ ಒಂದು ಬಗೆಯನ್ನು ಜಾನ್‌ಗೆ ಕಲಿಸಿದ. 'ಡಿಯರ್ ಪ್ರುಡೆನ್ಸ್' ಮತ್ತು ತಾಯಿಯನ್ನು ನೆನೆದು ಬರೆದ 'ಜೂಲಿಯಾ' ಹಾಡುಗಳಲ್ಲಿ ಕೇಳುವುದು ಆ ಪಾಠವೇ. ಪ್ರುಡೆನ್ಸ್ ಎಂದರೆ ಮಿಯಾಳ ತಂಗಿ. ಕೋಣೆಯ ಬಾಗಿಲು ಹಾಕಿಕೊಂಡು ಹೊರಬಾರದೆ ಧ್ಯಾನಕ್ಕೆ ಕೂತವಳು. ಅವಳನ್ನು ಹೊರಗೆ ಕರೆಯಲು ಹುಟ್ಟಿದ ಹಾಡು ಅದು. ಇಲ್ಲಿಂದ ಹುಲಿ ಬೇಟೆಗೆ ಹೋಗಿಬಂದ ಅಮೆರಿಕದ ಯುವಕನೊಬ್ಬನನ್ನು ಅಣಕಿಸಿ ಜಾನ್ 'ಬಂಗಲೋ ಬಿಲ್' ಬರೆದ. ಅದೇ ನೆಲ ಇಂದು ರಾಜಾಜಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಅಣಕವೇ ಕಾನೂನಾದಂತೆ!

1968ರ ನವೆಂಬರಿನಲ್ಲಿ ಹೊರಬಂದ, ಬಿಳಿ ಹೊದಿಕೆಯ ಜೋಡಿ ಆಲ್ಬಂನಲ್ಲಿ 30 ಹಾಡುಗಳಿವೆ. ಬಹಳಷ್ಟು ಇಲ್ಲಿ ಮೊಳೆತವು. ಆದರೆ ಹಳೆಯ ಅಭಿಮಾನಿಯ ತಕರಾರು ಶುರುವಾಗುವುದು ಇಲ್ಲೇ. ಆ 30ರಲ್ಲಿ ಎಲ್ಲೂ ಋಷಿಕೇಶದ ಹೆಸರಿಲ್ಲ, ಡೆಹ್ರಾಡೂನಿನ ಹೆಸರಿಲ್ಲ.

ಎರಡೂ ಹೆಸರುಗಳು ಹಾಡಿನಲ್ಲಿ ಇದ್ದವು. ಪ್ರಕೃತಿಯ ಕುರಿತು ಮಹರ್ಷಿ ನೀಡಿದ ಒಂದು ಪ್ರವಚನ ಕೇಳಿ ಪಾಲ್ 'ಮದರ್ ನೇಚರ್ಸ್ ಸನ್' ಬರೆದರೆ, ಜಾನ್ 'ಚೈಲ್ಡ್ ಆಫ್ ನೇಚರ್' ಬರೆದ. ಋಷಿಕೇಶದ ಹೆಸರಿದ್ದದ್ದು ಜಾನ್‌ನ ಹಾಡಿನಲ್ಲಿ. ಪಾಲ್‌ನದು ಆಲ್ಬಂಗೆ ಹೋಯಿತು, ಜಾನ್‌ನದು ಹೋಗಲಿಲ್ಲ. 1971ರಲ್ಲಿ ಜಾನ್ ಅದೇ ರಾಗಕ್ಕೆ ಬೇರೆ ಮಾತು ಹೊಂದಿಸಿ 'ಜೆಲಸ್ ಗೈ' ಮಾಡಿದ. ಲೋಕ ಅದನ್ನು ಮೆಚ್ಚಿತು, ಮೆಚ್ಚಬೇಕಾದ್ದೇ. ಆದರೆ ಅಭಿಮಾನಿಗೆ ಆ ರಾಗ ಕೇಳಿದಾಗಲೆಲ್ಲ ಕೆಳಗೆ ಹರಿಯುವ ನದಿಯೊಂದು ಕೇಳಿಸುತ್ತದೆ. ಮಗ ಊರು ಬಿಟ್ಟು ಹೆಸರು ಬದಲಿಸಿಕೊಂಡು ದೊಡ್ಡವನಾದರೆ ಹಿರಿಯರಿಗೆ ಆಗುವಂಥ ಹೆಮ್ಮೆ, ಅಂಥದೇ ಸಣ್ಣ ನೋವು.

ಜಾರ್ಜ್‌ನ 'ಡೆಹ್ರಾ ಡೂನ್' ಹಾಡಿನ ಗತಿಯೂ ಅದೇ. ಹತ್ತಿರದ ಪೇಟೆಗೆ ಹೊರಟವರ ಬಗೆಗಿನ ತಮಾಷೆಯ ಹಾಡದು. ಬೀಟಲ್ಸ್ ಅದನ್ನು ಬಿಡುಗಡೆ ಮಾಡಲೇ ಇಲ್ಲ. 1970ರಲ್ಲಿ ಜಾರ್ಜ್ ಹಾಡಿಟ್ಟ ಕರಡು ಹೊರಬಂದದ್ದು 2021ರಲ್ಲಿ, ಅವನು ತೀರಿಕೊಂಡು 20 ವರ್ಷಗಳಾದ ಮೇಲೆ.

ಅಭಿಮಾನಿಯ ಮಟ್ಟಿಗೆ ಈ ಆಶ್ರಮದ ನಿಜವಾದ ಆಲ್ಬಂ ಬಿಳಿ ಹೊದಿಕೆಯದಲ್ಲ. ಮರಳಿದ ಬಳಿಕ, ಮೇ ತಿಂಗಳ ಕೊನೆಯಲ್ಲಿ, ಲಂಡನ್ ಸಮೀಪದ ಈಷರ್‌ನಲ್ಲಿದ್ದ ಜಾರ್ಜ್‌ನ ಮನೆಯಲ್ಲಿ ಗೆಳೆಯರು ಕೂಡಿ ತುಂಬಿಸಿದ ಟೇಪುಗಳು ಅವನ ಪಾಲಿಗೆ ಅಸಲು. ದಶಕಗಳ ಕಾಲ ಅವು ಕಳ್ಳ ಮುದ್ರಣಗಳಲ್ಲಿ, ಕರಕರ ಸದ್ದಿನ ಕ್ಯಾಸೆಟ್‌ಗಳಲ್ಲಿ ಕೈಯಿಂದ ಕೈಗೆ ಸಾಗಿದವು. ಕೆಲವು 1996ರಲ್ಲಿ, ಎಲ್ಲ 27 ಹಾಡುಗಳು 2018ರಲ್ಲಿ ಅಧಿಕೃತವಾಗಿ ಬಂದವು. ಸ್ಟುಡಿಯೋದ ಅಬ್ಬರವಿಲ್ಲ, ಬರೀ ಗಿಟಾರು, ಚಪ್ಪಾಳೆ, ನಗು. ಬಂಗಲೆಯ ಮುಂದೆ ಸಂಜೆ ಕೂತು ಹಾಡಿದ್ದೂ ಹೀಗೆಯೇ ಇದ್ದೀತು. ಅದೇ ವರ್ಷ ಸ್ಟುಡಿಯೋದಲ್ಲಿ ಜಗಳಗಳಾದವು, ರಿಂಗೋ ಕೆಲ ದಿನ ತಂಡವನ್ನೇ ಬಿಟ್ಟ. ಜಾರ್ಜ್‌ನ 'ನಾಟ್ ಗಿಲ್ಟಿ' ನೂರಕ್ಕೂ ಹೆಚ್ಚು ಬಾರಿ ನುಡಿಸಿದರೂ ಕೊನೆಗೆ ಹೊರಗುಳಿಯಿತು. ಈಷರ್ ಟೇಪುಗಳಲ್ಲಿ ಆ ಬಿರುಕು ಇನ್ನೂ ಕೇಳಿಸುವುದಿಲ್ಲ. ಅಪರೂಪದ ಧ್ವನಿಮುದ್ರಿಕೆಗಳ ಹಿಂದೆ ಬೀಳುವುದು ಹುಚ್ಚು ಎನ್ನುವವರಿಗೆ ಅವನ ಉತ್ತರ ಇಷ್ಟೇ: ಗೆಳೆತನ ಇನ್ನೂ ಗಟ್ಟಿಯಿದ್ದ ಕ್ಷಣವೊಂದು ಸಿಗುವುದಾದರೆ ಯಾರು ತಾನೇ ಹುಡುಕುವುದಿಲ್ಲ?

ಇಲ್ಲಿಂದ ಹೊರಟದ್ದು ಮಾತ್ರ ಒಟ್ಟಿಗೆ ಅಲ್ಲ. ಖಾರದ ಊಟಕ್ಕೆ ಹೆದರಿ ಡಬ್ಬಿಯ ಬೀನ್ಸ್ ತಂದಿದ್ದ ರಿಂಗೋ ಮಾರ್ಚ್ ಆರಂಭದಲ್ಲೇ ಮರಳಿದ. ಆ ತಿಂಗಳ ಕೊನೆಯ ವಾರದಲ್ಲಿ ಪಾಲ್ ಹೋದ. ಏಪ್ರಿಲಿನಲ್ಲಿ, ಮಹರ್ಷಿಯವರ ನಡತೆಯ ಬಗ್ಗೆ ಎದ್ದ ಗುಸುಗುಸು ಕೇಳಿ ಜಾನ್ ಮತ್ತು ಜಾರ್ಜ್ ಎದ್ದು ನಡೆದರು. ಸಿಟ್ಟಿನಲ್ಲಿ ಜಾನ್ ಬರೆದ ಹಾಡಿನಲ್ಲಿ ಮೊದಲು ಮಹರ್ಷಿಯವರ ಹೆಸರೇ ಇತ್ತು. ಜಾರ್ಜ್‌ನ ಸಲಹೆಯಂತೆ ಅದು 'ಸೆಕ್ಸಿ ಸೇಡಿ' ಆಯಿತು. ಅಲ್ಲೂ ಒಂದು ಹೆಸರು ಅಳಿಸಿಹೋಯಿತು. ಈ ಹಾಡನ್ನು ಅಭಿಮಾನಿ ಎಲ್ಲಿ ಬೇಕಾದರೂ ಕೇಳಬಲ್ಲ, ಈ ಅಂಗಳದಲ್ಲಿ ಮಾತ್ರ ಆಗದು. ಆರೋಪ ಸಾಬೀತಾಗಲಿಲ್ಲ. ಜಾರ್ಜ್ 1992ರಲ್ಲಿ ಮಹರ್ಷಿ ಅನುಯಾಯಿಗಳ ಪಕ್ಷದ ಸಹಾಯಾರ್ಥ ಲಂಡನ್ನಿನಲ್ಲಿ ಕಛೇರಿ ನಡೆಸಿದ. ಇಲ್ಲೇ ಹುಟ್ಟಿದ್ದ 'ಕಾಸ್ಮಿಕಲಿ ಕಾನ್ಷಿಯಸ್' ಹಾಡನ್ನು ಪಾಲ್ 2009ರಲ್ಲಿ ನ್ಯೂಯಾರ್ಕಿನ ವೇದಿಕೆಯಲ್ಲಿ ಹಾಡಿದಾಗ ರಿಂಗೋ ಕೂಡ ಅಲ್ಲಿದ್ದ. ಮಹರ್ಷಿ ತೀರಿಕೊಂಡು ಆಗ ವರ್ಷ ಕಳೆದಿತ್ತು.

ಆಶ್ರಮದ ಗುತ್ತಿಗೆ 1981ರಲ್ಲಿ ಮುಗಿಯಿತು. ಕಟ್ಟಡಗಳನ್ನು ಕಾಡು ನಿಧಾನವಾಗಿ ವಾಪಸು ಪಡೆಯಿತು. ಬೇಲಿ ಹಾರಿ ಬಂದ ಕಲಾವಿದರು ಗೋಡೆಗಳಿಗೆ ಬಣ್ಣ ಬಳಿದರು. 2015ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಗೇಟು ತೆರೆದು ಶುಲ್ಕ ನಿಗದಿ ಮಾಡಿತು. ದೆಹಲಿಯಿಂದ ಋಷಿಕೇಶಕ್ಕೆ ಸುಮಾರು 240 ಕಿ.ಮೀ., ಹರಿದ್ವಾರದಿಂದ ಸುಮಾರು 25. ರಾಮ ಝೂಲಾದಿಂದ ಕಾಲ್ನಡಿಗೆಯೇ ಲೇಸು. ಬೆಳಗ್ಗೆ ಬೇಗ ಹೋದರೆ ಗದ್ದಲ ಕಡಿಮೆ. ಬುತ್ತಿ ಕೈಯಲ್ಲಿ ಹಿಡಿದರೆ ಕೋತಿಗಳ ಪಾಲು.

ಹೊರಡುವ ಮುನ್ನ ಹಳೆಯ ಅಭಿಮಾನಿ ನದಿ ಕಾಣುವ ಅಂಚಿಗೆ ಹೋಗಿ ಕೂರುತ್ತಾನೆ. 'ಅಕ್ರಾಸ್ ದಿ ಯೂನಿವರ್ಸ್' ಹಾಡನ್ನು ತಂಡ ಮುದ್ರಿಸಿದ್ದು ಇಲ್ಲಿಗೆ ಹೊರಡುವ ಕೆಲವೇ ದಿನ ಮೊದಲು. ಅದರ ಪಲ್ಲವಿಯಲ್ಲಿ ಮಹರ್ಷಿಯವರ ಗುರು, ಜ್ಯೋತಿರ್ಮಠದ ಶಂಕರಾಚಾರ್ಯ ಬ್ರಹ್ಮಾನಂದ ಸರಸ್ವತಿಯವರಿಗೆ ಸಲ್ಲುವ ಜಯಕಾರವಿದೆ. ನಮ್ಮ ಶೃಂಗೇರಿಯಂತೆ ಶಂಕರರ ಪರಂಪರೆಯದೇ ಪೀಠ ಅದು. ಜನ ಬಲ್ಲದ್ದು 1970ರ 'ಲೆಟ್ ಇಟ್ ಬಿ' ಆಲ್ಬಂನ ರೂಪವನ್ನು. ಅವನ ಆಯ್ಕೆ ಬೇರೆ. 1969ರ ಡಿಸೆಂಬರಿನಲ್ಲಿ ವನ್ಯಜೀವಿಗಳ ಸಹಾಯಾರ್ಥ ಹೊರಬಂದ ಮುದ್ರಿಕೆಯಲ್ಲಿ, ಹಾಡಿನ ಮೊದಲಿಗೆ ಹಕ್ಕಿಗಳ ರೆಕ್ಕೆ ಸದ್ದು ಸೇರಿಸಿದ್ದರು. ರಸಿಕರಲ್ಲಿ ಕೆಲವರು ಆ ಸದ್ದನ್ನು ಅನಗತ್ಯ ಎನ್ನುತ್ತಾರೆ. ಹುಲಿಗಳ ಕಾಡಾಗಿರುವ ಈ ಅಂಗಳದಲ್ಲಿ ಸಂಜೆ ಹಕ್ಕಿಗಳು ಗೂಡಿಗೆ ಮರಳುವ ಹೊತ್ತು ಕೂತವರು ಹಾಗೆನ್ನಲಾರರು. ಕಾವಲುಗಾರ ಸೀಟಿ ಊದುತ್ತಾನೆ. ಗೇಟು ಮುಚ್ಚುವ ಸಮಯ.